ಶನಿವಾರದ ಸ್ಟೀಲ್ ಡಬ್ಬಿಗಳ ಒಡತಿ ಜೀವರತ್ನಮ್ಮ

ಹೆಸರಾಂತ ಚರ್ಚುಗಳ ದೊಡ್ಡ ಸೇವಾಕಾರ್ಯಗಳನ್ನು ಊರೇ ಬಲ್ಲದು. ಆದರೆ ಇಟ್ಟಮಡುವಿನ ಇಕ್ಕಟ್ಟಾದ ರಸ್ತೆಯ ಪುಟ್ಟ ಚರ್ಚೊಂದರಲ್ಲಿ, ಹಣಕ್ಕೂ ಜನಕ್ಕೂ ಸದಾ ಬರವಿದ್ದರೂ, ಹಾಸಿಗೆ ಹಿಡಿದ ನೆರೆಹೊರೆಯವರಿಗೆ ಪ್ರತಿ ಶನಿವಾರ ಬಿಸಿಯೂಟ ತಲುಪಿಸುತ್ತ ಬಂದವರು ಶ್ರೀಮತಿ ಜೀವರತ್ನಾ ದೇವದಾನ ಅವರು. ಈಗ ಸಂಚಾಲಕಿಯ ಹೊಣೆಯಿಂದ ನಿವೃತ್ತರಾಗುತ್ತಿರುವ ಅವರು ಬಡಾವಣೆಗೆಲ್ಲ ರತ್ನಕ್ಕ.

ಮೊದಲು ಶಾಲಾ ಶಿಕ್ಷಕಿಯಾಗಿದ್ದವರು. ಶಿಸ್ತಿನ ವಿಷಯದಲ್ಲಿ ಪಾದ್ರಿಗಳನ್ನೂ ಬಿಟ್ಟವರಲ್ಲ. ಊಟದ ಜೊತೆ ಉಪದೇಶ ಕಟ್ಟಿ ಕಳಿಸಕೂಡದು, ಮನೆಯವರು ಕೇಳದೆ ಪ್ರಾರ್ಥನೆಯನ್ನೂ ಮಾಡಕೂಡದು, ಊಟ ಸ್ಟೀಲ್ ಡಬ್ಬಿಯಲ್ಲೇ ಹೋಗಬೇಕು. ಡಬ್ಬಿ ತಿಕ್ಕಿ ತಿಕ್ಕಿ ಸಾಕಾದ ಸ್ವಯಂಸೇವಕರು ಗೊಣಗಿದರೆ, ಸೆರಗು ಸಿಕ್ಕಿಸಿ ತಾವೇ ನಲ್ಲಿಯ ಮುಂದೆ ಕೂರುತ್ತಿದ್ದರು. ಅಬ್ಬಾ, ಆ ಹಟವೇ!

ಒಮ್ಮೆ ಅವರು ನೆಂಟರ ಮದುವೆಗೆ ಹೋದಾಗ, ಸ್ವಯಂಸೇವಕ ಮಹಾಂತೇಶ್ ಎಲ್ಲರಿಗೂ ಉಪಕಾರವಾಗಲೆಂದು ಪ್ಲಾಸ್ಟಿಕ್ ಡಬ್ಬಿ ತಂದುಬಿಟ್ಟರು. ಮರುವಾರ ಗಿರಿನಗರದ ಸೀತಮ್ಮನವರು ಮಂಚದಿಂದಲೇ ತರಾಟೆಗೆ ತೆಗೆದುಕೊಂಡರು: "ಏನಪ್ಪಾ, ಬಿಸಾಕೋ ಡಬ್ಬೀಲಿ ಕೊಟ್ಟುಹೋದ್ಯಲ್ಲ! ನಿಮ್ಗೆ ಅಂತ ಕರಿಬೇವು ಬಿಡಿಸಿಟ್ಟಿದ್ದೆ, ಯಾವುದರಲ್ಲಿ ಕಳಿಸ್ಲಿ?"

ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದುಂಟೇ? ಒಬ್ಬರು ನಿಂಬೆಹಣ್ಣು, ಇನ್ನೊಬ್ಬರು ಹಿಡಿ ಸಕ್ಕರೆ ಹಾಕಿ ಕಳಿಸುತ್ತಿದ್ದರು. ಉಣ್ಣುವವರು ಕೊಡುವವರೂ ಆಗಿರಲಿ, ಯಾರೂ ತಲೆ ತಗ್ಗಿಸದಿರಲಿ ಎಂಬುದೇ ರತ್ನಕ್ಕನ ಹಟದ ಹಿಂದಿದ್ದ ಲೆಕ್ಕಾಚಾರವಾಗಿತ್ತು.

ಕಳೆದ ವರ್ಷ ಆ ಹಟಕ್ಕೂ ಕುತ್ತು ಬಂತು. ಸ್ವಯಂಸೇವಕರಲ್ಲಿ ಕೆಲವರಿಗೆ ವಯಸ್ಸಾಯಿತು, ಕೆಲವರು ಬೇರೆಡೆ ಮನೆ ಮಾಡಿದರು. ಉಳಿದವರು ರತ್ನಕ್ಕ ಮತ್ತು ಮಹಾಂತೇಶ್ ಇಬ್ಬರೇ. ತಿಂಗಳ ಕೊನೆಗೆ ಸೇವೆಯನ್ನು ನಿಲ್ಲಿಸುವುದೆಂದು ಚರ್ಚಿನ ಸಮಿತಿ ಒಲ್ಲದ ಮನಸ್ಸಿನಿಂದಲೇ ತೀರ್ಮಾನಿಸಿತು. ಎಂದೂ ಎದೆಗುಂದದ ರತ್ನಕ್ಕ ಅಂದು ಒಲೆಯ ಮುಂದೆ ನಿಂತು ಅತ್ತುಬಿಟ್ಟರು.

ಕೊನೆಯದೆಂದುಕೊಂಡಿದ್ದ ಶನಿವಾರ ಚರ್ಚಿನ ಬಾಗಿಲಲ್ಲಿ ಅಂಕಮ್ಮ ನಿಂತಿದ್ದರು. ಸೊಂಟದ ಮೂಳೆ ಮುರಿದು ಮಲಗಿದ್ದಷ್ಟು ದಿನ ಇದೇ ಊಟ ಉಂಡವರು. ಈಗ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತೊಳೆದ ಡಬ್ಬಿ.

"ರತ್ನಕ್ಕ, ಇದಕ್ಕೆ ಹಾಕಕ್ಕೆ ಮನೇಲಿ ಏನೂ ಇರ್ಲಿಲ್ಲ. ಅದ್ಕೆ ನಾನೇ ಬಂದ್ಬಿಟ್ಟೆ. ಎಲ್ಲಿ, ಈರುಳ್ಳಿ ಕೊಡಿ, ಹೆಚ್ತೀನಿ."

ಆ ಬಲದಿಂದ ಮರುವಾರವೂ ಒಲೆ ಹೊತ್ತಿತು. ಅಂಕಮ್ಮ ತಮ್ಮ ನಾದಿನಿ ಲತಾಮಣಿಯನ್ನೂ ಎಳೆದು ತಂದರು. ಸುದ್ದಿ ಕೇಳಿ, ಹಿಂದೆ ಡಬ್ಬಿಯೂಟ ಉಂಡ ಮನೆಗಳಿಂದ ಒಬ್ಬೊಬ್ಬರಾಗಿ ಬಂದರು. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಸಮಿತಿಯವರೂ ಸಂತೋಷದಿಂದ ತಮ್ಮ ತೀರ್ಮಾನವನ್ನು ಹಿಂತೆಗೆದುಕೊಂಡರು.

ಈಗ ಸಂಚಾಲಕಿಯ ಹೊಣೆ ಅಂಕಮ್ಮನವರದು. ದೇವರು ಜೀವರತ್ನಮ್ಮನವರಿಗೆ ತುಂಬು ಆರೋಗ್ಯವನ್ನೂ ನೂರು ವರ್ಷದ ಆಯುಸ್ಸನ್ನೂ ಕರುಣಿಸಲಿ ಎಂದು ಮನಸಾರೆ ಹಾರೈಸುತ್ತೇವೆ. ವಿಶ್ರಾಂತಿ ಸಿಗಲಿ ಎಂದು ಮಾತ್ರ ಹಾರೈಸಲಾರೆವು. ಏಕೆಂದರೆ ಹೊಣೆ ಒಪ್ಪಿಸಿದ ದಿನವೇ ಹೊಸ ಸಂಚಾಲಕಿಯ ಅಪ್ಪಣೆಯಾಗಿದೆ: "ಹಾರ ಹಾಕಿಸ್ಕೊಂಡಿದ್ದಾಯ್ತಲ್ಲ ಅಕ್ಕ, ಶನಿವಾರ ಬೇಗ ಬನ್ನಿ. ಲೇಟಾದ್ರೆ ಇನ್ಮೇಲೆ ಬೈಯೋಳು ನಾನು!"