ಅಪ್ಪ ಹಿಂದಿ ಕಲಿತ ಬೇಸಿಗೆ

ಆ ದಿನಗಳಲ್ಲಿ ಭದ್ರಾವತಿಯ ನಮ್ಮ ವಠಾರದ ಮಕ್ಕಳಿಗೆ ಭಾಷೆ ಕಲಿಯುವುದೂ ಒಂದು ಕೆಲಸ ಎಂದು ಗೊತ್ತೇ ಇರಲಿಲ್ಲ. ಪಕ್ಕದ ಮನೆಯ ಸೆಲ್ವಿ ಮನೆಯೊಳಗೆ ತಮಿಳು ಆಡುತ್ತಿದ್ದಳು, ಅಂಗಳಕ್ಕಿಳಿದರೆ ಕನ್ನಡ. ನಾನು ಅವಳಮ್ಮ ಕೊಡುತ್ತಿದ್ದ ಬಿಸಿ ಮುರುಕು ತಿನ್ನುತ್ತಾ ತಮಿಳನ್ನೂ, ಟಿವಿಯ ಕಾರ್ಟೂನ್ ನೋಡುತ್ತಾ ಹಿಂದಿಯನ್ನೂ ಕಲಿತಿದ್ದೆ. ಯಾವಾಗ ಕಲಿತೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ನನಗೆ ಹತ್ತು ತುಂಬಿದ ಬೇಸಿಗೆಯಲ್ಲಿ ಅಪ್ಪನೂ ಹಿಂದಿ ಕಲಿಯಬೇಕಾಯಿತು. ಅವರಿಗಾಗ ನಲವತ್ತೆಂಟು. ಅವರಿದ್ದ ಎರಕದ ಕಾರ್ಖಾನೆ ಮುಚ್ಚುವುದರಲ್ಲಿತ್ತು. ಮಾಲೀಕರದೇ ಇನ್ನೊಂದು ಕಾರ್ಖಾನೆ ಉತ್ತರದಲ್ಲೆಲ್ಲೋ ಇತ್ತು. ಅಲ್ಲಿಯ ಸಾಹೇಬರು ಬಂದು, ಹಿಂದಿಯಲ್ಲಿ ಮಾತಾಡಿಸಿ, ಕೆಲವರನ್ನು ಆರಿಸಿಕೊಂಡು ಹೋಗುತ್ತಾರೆಂದು ಸುದ್ದಿಯಾಯಿತು.

ಅಪ್ಪ ಮಾತಿನ ಮಲ್ಲ. ಸಂಜೆ ನಮ್ಮ ಜಗಲಿಯ ಮೇಲೆ ಕೂತವರು ಅವರ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಿಂದಿ ಎಷ್ಟರದು ಎಂದುಕೊಂಡೆ. ಅಪ್ಪನೂ ಹಾಗೇ ಅಂದುಕೊಂಡಿರಬೇಕು. ಕೆಲಸದಿಂದ ಬಂದು ಕೈಕಾಲು ತೊಳೆದು, ಇನ್ನೂ ಕಬ್ಬಿಣದ ವಾಸನೆ ಹೋಗದ ಬೆರಳನ್ನು ನನ್ನ ಶಾಲೆಯ ಪುಸ್ತಕದ ಮೇಲಿಟ್ಟು ಕೂರುತ್ತಿದ್ದರು. ಅಮ್ಮ ಉಪ್ಪುಖಾರ ಹಚ್ಚಿದ ಮಾವಿನಕಾಯಿ ತಂದಿಡುತ್ತಿದ್ದಳು.

"ರೋಟಿ ಹೆಣ್ಣು, ಚಾವಲ್ ಗಂಡು ಅಪ್ಪ."

"ಅಲ್ಲ ಮಾರಾಯ್ತಿ, ರೊಟ್ಟಿ ಹೆಣ್ಣು, ಅಕ್ಕಿ ಗಂಡು ಅಂತ ಯಾವನು ನೋಡಿ ಹೇಳ್ದ?"

ಮೊದಮೊದಲು ನಗು ಬರುತ್ತಿತ್ತು. ಆಮೇಲೆ ನನಗೆ ಸಿಟ್ಟು ಬರತೊಡಗಿತು. ಊಟಕ್ಕೆ 'ಖಾನಾ' ಎಂದು ಹೇಳಿಕೊಟ್ಟರೆ ಅಪ್ಪ 'ಕಾನಾ' ಎನ್ನುತ್ತಿದ್ದರು. ಹಾಗೆಂದರೆ ಒಕ್ಕಣ್ಣ. ಕೆಲಸಕ್ಕೆ 'ಕಾಮ್' ಎಂದರೆ 'ಕಾಮು' ಎನ್ನುತ್ತಿದ್ದರು. "ಕೊನೇಲಿ ಉ ಸೇರಿಸ್ಬೇಡಿ ಅಪ್ಪ!" ಎಂದರೆ, "ನಾನೆಲ್ಲಿ ಸೇರಿಸ್ದೆ?" ಎಂದು ನಿಜವಾಗಿಯೂ ಆಶ್ಚರ್ಯಪಡುತ್ತಿದ್ದರು. ಅವರ ಕಿವಿಗೆ ಎರಡೂ ಒಂದೇ. ದೊಡ್ಡವರಾದ ಮೇಲೆ ಹುಟ್ಟುಭಾಷೆ ಕಿವಿಯಲ್ಲೇ ಕೂತು ಹೊಸ ದನಿಗಳನ್ನು ತನ್ನಂತೆಯೇ ಕೇಳಿಸುತ್ತದೆ ಎಂದು ನಾನು ಬಹಳ ತಡವಾಗಿ ತಿಳಿದುಕೊಂಡೆ. ಆಗ ನನಗೆ ಕಂಡದ್ದು ಇಷ್ಟೇ: ನಮ್ಮಪ್ಪ ದಡ್ಡರು.

ಒಂದು ಸಂಜೆ ಅಂಗಳದಲ್ಲಿ ಕುಂಟಾಬಿಲ್ಲೆ ಆಡಿ ಬೇಜಾರಾಗಿತ್ತು. ನಾನು ಹೆಗಲಿಗೆ ಟವೆಲ್ ಹಾಕಿಕೊಂಡು ಅಪ್ಪನಾದೆ. "ಮೈನೇ ಕಾನಾ ಕಾಯಾ! ಮೇರಾ ಕಾಮು!" ಎಂದು ದನಿ ದಪ್ಪ ಮಾಡಿ ಹೇಳಿದೆ. ಸೆಲ್ವಿ ನಕ್ಕು ನಕ್ಕು ನೆಲಕ್ಕೆ ಕೂತಳು. ಎಲ್ಲರೂ ಇನ್ನೊಮ್ಮೆ, ಇನ್ನೊಮ್ಮೆ ಎಂದರು. ಮೂರನೆಯ ಸಲ ಹೇಳುವಾಗ ಒಮ್ಮೆಲೇ ನಗು ನಿಂತಿತು. ತಿರುಗಿ ನೋಡಿದರೆ, ಗೇಟಿನ ಹತ್ತಿರ ಸೈಕಲ್ ಹಿಡಿದು ಅಪ್ಪ ನಿಂತಿದ್ದರು.

ಅವರು ಬೈಯಲಿಲ್ಲ. ಹ್ಯಾಂಡಲಿಗೆ ತೂಗುಹಾಕಿದ್ದ ಮಂಡಕ್ಕಿ ಪೊಟ್ಟಣ ಬಿಚ್ಚಿ ನನ್ನ ಕೈಗೆ ಕೊಟ್ಟರು. "ತಗೊ, ಎಲ್ರೂ ಹಂಚ್ಕೊಂಡು ತಿನ್ನಿ" ಎಂದು ಒಳಗೆ ಹೋದರು.

ದೀಪ ಹಚ್ಚಿದ ಮೇಲೆ ನಾನು ಪುಸ್ತಕ ತೆಗೆದುಕೊಂಡು ಹೋದೆ.

"ಇವತ್ತು ತಲೆ ನೋಯ್ತಿದೆ ಕಣಮ್ಮ."

ಮರುದಿನವೂ ಅದೇ ಮಾತು. ಅದರ ಮರುದಿನ ನಾನು ಕೇಳಲಿಲ್ಲ. ಒಳಗೊಳಗೇ ಖುಷಿಯಾಗಿತ್ತು, ಆಟಕ್ಕೆ ಹೊತ್ತು ಸಿಕ್ಕಿತಲ್ಲ ಎಂದು.

ವಾರದ ನಂತರ ಸಾಹೇಬರು ಬಂದರು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ, ಅರ್ಧ ಗಂಟೆಯಲ್ಲಿ ತಿರುಗಿ ಬಂದರು. "ಆಗ್ಲಿಲ್ಲ" ಎಂದು ಅಮ್ಮನಿಗೆ ಹೇಳಿದ್ದಷ್ಟೇ. ಮಳೆಗಾಲ ಹಿಡಿಯುವ ಮೊದಲೇ ನಾವು ಶಿವಮೊಗ್ಗಕ್ಕೆ ಬಂದು ದುರ್ಗಿಗುಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಸವಳಂಗ ರಸ್ತೆಯ ಒಂದು ಕಟ್ಟಡದಲ್ಲಿ ಅಪ್ಪ ವಾಚ್‌ಮನ್ ಆದರು. ಹಗಲೆಲ್ಲ ಒಂದು ಪ್ಲಾಸ್ಟಿಕ್ ಕುರ್ಚಿ, ಬಂದುಹೋಗುವವರಿಗೆ ಒಂದು ನಮಸ್ಕಾರ. ಅಲ್ಲಿ ಮಾತಿನ ಅಗತ್ಯವೇ ಇರಲಿಲ್ಲ. ಮನೆಗೆ ಬಂದ ಮೇಲೂ ಮಾತಿರಲಿಲ್ಲ. ಕಥೆ ಹೇಳುತ್ತಿದ್ದ ಅಪ್ಪನನ್ನು, ಶಿವಮೊಗ್ಗಕ್ಕೆ ಬಂದ ಮೇಲೆ ಹುಟ್ಟಿದ ನನ್ನ ತಮ್ಮ ಕಂಡೇ ಇಲ್ಲ. ಹೇಳಿದರೆ ನಂಬುವುದೂ ಇಲ್ಲ.

ಆ ಕೆಲಸ ಯಾಕೆ ಆಗಲಿಲ್ಲ ಎಂದು ನಾನು ಕೇಳಿದ್ದು ಎಷ್ಟೋ ವರ್ಷಗಳ ನಂತರ, ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ. ಇಬ್ಬರೂ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದೆವು.

"ಅಪ್ಪ, ಅವತ್ತು ಆ ಸಾಹೇಬ್ರು ಏನು ಕೇಳಿದ್ರು?"

ಅವರು ಕೈಲಿದ್ದ ಕಡ್ಡಿಯ ಎಲೆಗಳನ್ನೆಲ್ಲ ಬಿಡಿಸಿ ಬುಟ್ಟಿಗೆ ಹಾಕಿದರು.

"ಹೆಸರು ಕೇಳಿದ್ರು."

"ಅಷ್ಟೇನಾ? ಅದು ನಿಮಗೆ ಬರ್ತಿತ್ತಲ್ಲಪ್ಪ!"

"ಬರ್ತಿತ್ತು. ಬಾಯಿ ಬಿಟ್ರೆ ನಗ್ತಾರೆ ಅನ್ನಿಸ್ತು ಮಗಾ."

ಅದನ್ನು ಹೇಳುವಾಗ ಅಪ್ಪ ನನ್ನ ಮುಖ ನೋಡಲಿಲ್ಲ. ಅವತ್ತಿನ ಅಂಗಳ ಅವರಿಗೆ ನೆನಪಿದೆಯೋ ಇಲ್ಲವೋ, ನಾನು ಕೇಳಲಿಲ್ಲ. ತಪ್ಪಾಯ್ತು ಎನ್ನಬೇಕಿತ್ತು. ಹುಟ್ಟಿದಾಗಿನಿಂದ ಆಡಿದ ಭಾಷೆ. ಆದರೂ ಆ ಒಂದು ಮಾತು ಬಾಯಿಗೆ ಬರಲಿಲ್ಲ. ನಾನು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದೆ. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಈಗ ದಿನಕ್ಕೆ ಹತ್ತು ಸಲ ಬಾಯಿಗೆ ಬರುತ್ತದೆ.