ಸೀಸದ ಗುಂಡಿಗೆ ಸವರುವ ಮುಲಾಮು

ಶಾಲೆ ಬಿಟ್ಟು ನಾನು ಸೇರಿದ ವಿದ್ಯಾಗಿರಿಯ ಗ್ಯಾರೇಜಿನ ಪಕ್ಕದಲ್ಲಿ ಚಪ್ಪಲಿ ಹೊಲಿಯುವವರು ಇವತ್ತು ದಾರಕ್ಕೆ ಜೇನುಮೇಣ ಉಜ್ಜುತ್ತಿದ್ದರು. ಆ ವಾಸನೆಗೆ ಮರೋಳದ ಅಜ್ಜನ ಮನೆ ನೆನಪಾಯಿತು.

ಬೆಳೆ ಕಾಯಲು ಅಜ್ಜನ ಬಳಿ ಲೈಸೆನ್ಸಿನ ಹಳೆಯ ಬಂದೂಕಿತ್ತು. ಸೀಸ ಕರಗಿಸಿ ಗುಂಡುಗಳನ್ನು ತಾನೇ ಎರೆಯುತ್ತಿದ್ದ. ಅವು ನಳಿಗೆಯಲ್ಲಿ ಸಲೀಸಾಗಿ ಜಾರಲೆಂದು ಜೇನುಮೇಣ, ಔಡಲೆಣ್ಣೆ, ಕುರಿಯ ಕೊಬ್ಬು ಕೂಡಿಸಿ ಕಾಯಿಸಿ ಡಬ್ಬಿಗೆ ತುಂಬಿಡುತ್ತಿದ್ದ. ಕೊಬ್ಬಿನ ವಿಷಯ ಗೊತ್ತಿದ್ದುದು ನನಗೊಬ್ಬನಿಗೇ. ಅಜ್ಜಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿ ಲಿಂಗ ಕಟ್ಟಿದವಳು, ಮಾಂಸ ಬೇಯುವ ಓಣಿಯಲ್ಲಿ ಮೂಗಿಗೆ ಸೆರಗು ಹಿಡಿದೇ ನಡೆಯುವವಳು.

ಒಂದು ಚಳಿಗಾಲ ಒಡೆದ ಹಿಮ್ಮಡಿಗೆ ಅವಳು ಆ ಡಬ್ಬಿಯಲ್ಲಿದ್ದುದನ್ನೇ ಹಚ್ಚತೊಡಗಿದಳು. ಬಲಗಾಲಿನ ಬಿರುಕು ಮುಚ್ಚಿತು.

"ನಿಮ್ಮಜ್ಜನ ಮುಲಾಮು ಭಾಳ ಚಲೋ ಐತಿ," ಎಂದಳು.

"ಬಾಯಿ ಬಿಟ್ಟಿ ಅಂದ್ರ ನೋಡ ಲೇ," ಎಂದು ಅಜ್ಜ ನನ್ನನ್ನು ಮೊದಲೇ ಹೆದರಿಸಿದ್ದ. ಆದರೂ ತಡೆಯಲಾಗಲಿಲ್ಲ.

"ಆಯಿ, ಅದ್ರಾಗ ಕುರಿ ಕೊಬ್ಬು ಐತಿ," ಎಂದೆ.

ಆಯಿ ಎದ್ದು ಎರಡೂ ಕಾಲನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದಳು. ಆಮೇಲೆ ಇನ್ನೂ ಒಡೆದೇ ಇದ್ದ ಎಡ ಹಿಮ್ಮಡಿ ನೋಡಿಕೊಂಡು ಮೆಲ್ಲಗೆ ಅಂದಳು: "ಇನ್ನ ನಾಕ ದಿನಾ ತಡದು ಹೇಳಿದ್ರ ನಿನ್ನ ಗಂಟೇನ್ ಹೋಗ್ತಿತ್ತೋ?"

ಆ ಚಳಿಗಾಲವೆಲ್ಲ ಆಯಿ ಕುಂಟಿದಳು. ಈಗಾಗಿದ್ದರೂ ನಾನು ಹೇಳುವವನೇ. ಆದರೆ ನಾಲ್ಕು ದಿನ ಬಿಟ್ಟು.