ಸೇಡಂ ಬಜಾರಿಗೆ ಬಂದ ಗಾಡಿಮನೆ

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಹೊಸತು. ಸೇಡಂನ ಸರ್ಕಾರಿ ದವಾಖಾನೆಗೆ ನರ್ಸಾಗಿ ಹೋದ ನನಗೆ ಇರಲು ಮನೆ ಸಿಕ್ಕಿರಲಿಲ್ಲ. ದವಾಖಾನೆಯ ಹಿಂದಿನ ಸಾಮಾನು ಕೋಣೆಯಲ್ಲಿ, ಹತ್ತಿಯ ಗಂಟು, ಫಿನೈಲ್ ಡಬ್ಬಿಗಳ ನಡುವೆಯೇ ಚಾಪೆ ಹಾಸಿಕೊಳ್ಳುತ್ತಿದ್ದೆ. ಊರಲ್ಲಿ ಖಾಲಿ ಮನೆ ಇರಲಿಲ್ಲವೆಂದಲ್ಲ. ಹೋದಲ್ಲೆಲ್ಲ ಮೊದಲು ಕೇಳುತ್ತಿದ್ದದ್ದು, ಗಂಡ ಎಲ್ಲಿ? ಹೊಡೆಯುತ್ತಿದ್ದ, ಬಿಟ್ಟು ಬಂದೆ ಎಂದು ನಾನು ಇದ್ದದ್ದನ್ನೇ ಹೇಳುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಬಜಾರದ ಕೊನೆಗೆ ತೊಗರಿ ವ್ಯಾಪಾರಿಯೊಬ್ಬನ ದೊಡ್ಡ ಮನೆ. ಅಂಗಳದ ಬದಿಯ ಕೋಣೆಗಳು ಬೀಗ ಹಾಕಿಕೊಂಡೇ ಇದ್ದವು. ಆತ ನನ್ನನ್ನು ಕೂರಿಸಿ, ನೀರು ಕೊಡಿಸಿ, ಮೆತ್ತಗೆ ಹೇಳಿದ: "ತಪ್ಪ್ ತಿಳೀಬ್ಯಾಡ್ರಿ ನರ್ಸ್ ಬಾಯಿ. ನಮ್ಮದು ಹೆಣ್ಮಕ್ಕಳಿರೋ ಮನಿ. ಗಂಡನ್ನ ಬಿಟ್ಟಾಕಿನ್ನ ಇಟ್ಕೊಂಡ್ರ ಮಂದಿ ಏನಂತಾರ?"

ಆ ನಯವೇ ನನ್ನನ್ನು ಹೆಚ್ಚು ಸುಟ್ಟಿತು.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಬಜಾರದಲ್ಲಿ ಮಂದಿ ಮುಕುರಿದ್ದರು. ನಡುವೆ ದುಂಡು ಮೂತಿಯ ಒಂದು ಹಳೇ ವ್ಯಾನು. ನೀಲಿ ಬಣ್ಣ ಮಾಸಿ, ಬಾಗಿಲಿನ ಅಂಚು ತುಕ್ಕು ತಿಂದಿತ್ತು. ಕಿಟಕಿಗಳಿಗೆ ಹೂವಿನ ಪರದೆ. ಸ್ಟಿಯರಿಂಗ್ ಹಿಡಿದು ಕೂತವಳು ಕೂದಲು ಕತ್ತರಿಸಿಕೊಂಡ ಪರದೇಶಿ ಹೆಂಗಸು, ಜೊತೆಗೆ ಇಬ್ಬರು ಗಂಡಸರು. ಹೈದರಾಬಾದಿನಿಂದ ಗೋವಾಕ್ಕೆ ಹೊರಟವರಂತೆ. ಎಂಜಿನ್ ಕೆಟ್ಟು ನಿಂತಿತ್ತು, ಬಿಡಿ ಸಾಮಾನು ಹೈದರಾಬಾದಿನಿಂದಲೇ ಬರಬೇಕಿತ್ತು. ತೊಗರಿ ವ್ಯಾಪಾರಿ ತಾನೇ ಓಡಿಬಂದು, "ನಮ್ಮ ಅಂಗಳದಾಗ ನಿಂದ್ರಸ್ರಿ" ಎಂದು ಆಳುಗಳಿಂದ ವ್ಯಾನು ತಳ್ಳಿಸಿಕೊಂಡು ಹೋದ. ನಾನು ನೋಡುತ್ತಲೇ ನಿಂತೆ.

ಮಧ್ಯಾಹ್ನ ಅವನೇ ದವಾಖಾನೆಗೆ ಹೇಳಿಕಳಿಸಿದ. ಆ ಗಂಡಸರಲ್ಲೊಬ್ಬನ ಕಾಲಿನ ಗಾಯದಲ್ಲಿ ಕೀವು ತುಂಬಿತ್ತು. ಹೋಗಿ ನೋಡಿದರೆ ಮನೆಯೊಡತಿ ಅವರಿಗಾಗಿ ರೊಟ್ಟಿ ಬಡಿಯುತ್ತಿದ್ದಳು. ಮನೆಯ ಹೆಣ್ಣುಮಕ್ಕಳು ವ್ಯಾನಿನ ಮೆಟ್ಟಿಲ ಮೇಲೆ ಕೂತು ಕಿಲಕಿಲ ನಗುತ್ತಿದ್ದರು. ಆ ಪರದೇಶಿ ಹೆಂಗಸು ನನ್ನ ಕೈಹಿಡಿದು ಒಳಗೆ ಕರೆದು ತೋರಿಸಿದಳು: ಮಡಿಚುವ ಮಂಚ, ಪುಟ್ಟ ಒಲೆ, ಕೈತೊಳೆಯಲು ಒಂದು ಬೋಗುಣಿ. ಯಾರನ್ನೂ ಕೇಳದೆ ಕದ ಹಾಕಿಕೊಳ್ಳಬಹುದಾದ ಮನೆ. ಹೊಟ್ಟೆಕಿಚ್ಚಾಯಿತು.

ಹೊರಗೆ ಬಂದು ಗಾಯ ತೊಳೆಯುತ್ತಿದ್ದೆ. ವ್ಯಾಪಾರಿ ನೆರೆದವರ ಕಡೆ ತಿರುಗಿ ನಕ್ಕ: "ಈ ಇಬ್ಬರಾಗ ಆಕಿ ಗಂಡ ಯಾವನೋ, ದೇವರೇ ಬಲ್ಲ!" ಎಲ್ಲರೂ ನಕ್ಕರು.

ನನಗೆ ತಡೆಯಲಾಗಲಿಲ್ಲ. "ಯಾಕ, ಕೇಳಲಿಲ್ಲೇನ್ರಿ ಸಾವಕಾರ್ರೇ? ನನಗ ಮೊದಲ ಅದನ್ನೇ ಕೇಳಿದ್ರಲ್ಲ?"

"ಅವರದು ಪರದೇಶದ ರಿವಾಜು ಬಾಯಿ. ನಾಳಿ ಹೋಗ್ತಾರ."

"ನಿಮ್ಮ ಅವ್ವಗ ದಿನಾ ಸೂಜಿ ಚುಚ್ಚಾಕ ನಾ ಬೇಕು. ನಿಮ್ಮ ಸೊಸಿ ಹೆರಿಗಿ ಮಾಡ್ಸಾಕ ನಾ ಬೇಕು. ಆಗ ನನ್ನ ಗಂಡ ಎಲ್ಲಿದ್ದಾನಂತ ಯಾರೂ ಕೇಳಂಗಿಲ್ಲ. ಇರಾಕ ಒಂದು ಕೋಲಿ ಕೇಳಿದ್ರ ಮಾತ್ರ ನಿಮಗ ಮರ್ಯಾದಿ ನೆನಪಾಗ್ತದ!"

ಮನೆಯೊಡತಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಮಾತು ತಿಳಿಯದ ಆ ಪರದೇಶಿ ಹೆಂಗಸು ನನ್ನ ಮುಖವನ್ನೂ ಅವನ ಮುಖವನ್ನೂ ನೋಡುತ್ತಿದ್ದಳು. ನಾನು ಪಟ್ಟಿ ಸರಿಯಾಗಿ ಕಟ್ಟಿ ಮುಗಿಸಿಯೇ ಎದ್ದೆ.

ಬಾಗಿಲು ದಾಟಿದಾಗ, ಅಂಗಳದಲ್ಲಿ ನೆರೆದವರಲ್ಲಿ ಒಬ್ಬಾಕೆ ಹಿಂದೆಯೇ ಬಂದಳು. ಬಜಾರದಲ್ಲಿ ಬಳೆ ಮಾರುವವಳು. "ನನ್ನ ಮನ್ಯಾಗ ಒಂದು ಕೋಲಿ ಅದ, ಬರ್ರಿ" ಎಂದಳು.

"ನನ್ನ ಗಂಡನ ವಿಷಯ ನೀವು ಕೇಳೂದಿಲ್ಲೇನ್ರಿ?"

"ನನ್ನ ಗಂಡನೇ ಎಲ್ಲಿ ಹಾಳಾಗಿ ಹೋಗ್ಯಾನೋ ನನಗ ಗೊತ್ತಿಲ್ಲ. ನಿಮ್ಮ ಗಂಡನ ಸುದ್ದಿ ತಗೊಂಡು ಏನ್ ಮಾಡ್ಲಿ?"

ಅವತ್ತೇ ಸಂಜೆ ಚಾಪೆ ಸುತ್ತಿಕೊಂಡು ಹೋದೆ. ವರ್ಗವಾಗಿ ಚಿಂಚೋಳಿಗೆ ಹೋಗುವವರೆಗೂ ಅಲ್ಲೇ ಇದ್ದೆ. ವ್ಯಾನು ರಿಪೇರಿಯಾಗಿ ಹೊರಟಾಗ ಊರೇ ಕೈಬೀಸಿತಂತೆ, ನಾನು ಹೋಗಲಿಲ್ಲ. ವ್ಯಾಪಾರಿ ಆಮೇಲೂ ದಾರಿಯಲ್ಲಿ ಕಂಡರೆ ಅದೇ ನಯದಿಂದ, "ಆರಾಮ ಅದೀರೇನ್ರಿ ಬಾಯಿ?" ಎನ್ನುತ್ತಿದ್ದ. ನಾನು ಒಮ್ಮೆಯೂ ಉತ್ತರ ಕೊಡಲಿಲ್ಲ. ಈಗ ಕೇಳಿದರೂ ಕೊಡುವುದಿಲ್ಲ.